ಬಿಡುಗಡೆ ಮತ್ತು ಸ್ವತ್ತು: ಅಮೆರಿಕದ ಗುಲಾಮಗಿರಿಯ ಆರ್ಥಿಕ ಉತ್ತರಪರಿಣಾಮಗಳು

ಹತ್ತೊಂಬತ್ತನೆಯ ಶತಮಾನದ ಧಾರವಾಡ ಪ್ರಾಂತದ ಆರ್ಥಿಕ ಚರಿತ್ರೆಯನ್ನು ಅಭ್ಯಾಸ ಮಾಡಿದವರಿಗೆ ‘ಧಾರವಾಡ-ಅಮೆರಿಕನ್’ ಎಂಬ ಹತ್ತಿಯ ತಳಿಯ ಹೆಸರು ಪರಿಚಿತವಾದುದು. ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು 1840ರ ದಶಕದಲ್ಲಿ ಈ ಪ್ರಾಂತದ ಎರೆಹೊಲಗಳಲ್ಲಿ ಬಿತ್ತಿಸಲು ಕಂಪನಿ ಸರ್ಕಾರ ವಿಶೇಷ ಶ್ರಮ ವಹಿಸಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ, ಅಲ್ಲಿಯ ದಕ್ಷಿಣ ರಾಜ್ಯಗಳ ಬಂದರುಗಳು ದಿಗ್ಬಂಧನಕ್ಕೆ ಒಳಗಾದಾಗ, ಲ್ಯಾಂಕಾಶೈರಿನ ಗಿರಣಿಗಳು ಭಾರತದ ಹತ್ತಿಯ ಕಡೆಗೆ ಮುಖ ಮಾಡಿದವು. ಧಾರವಾಡದ ಅಂಡಿಗೆಗಳು ಘಟ್ಟವಿಳಿದು ಕುಮಟೆಯ ಬಂದರಿನ ಮೂಲಕ ಮುಂಬಯಿಗೆ ಸಾಗಿದವು; ಬೆಲೆ ಹಲವು ಪಟ್ಟು ಏರಿತು. 1865ರಲ್ಲಿ ಯುದ್ಧ ಮುಗಿಯುತ್ತಿದ್ದಂತೆ ಆ ಬೆಲೆ ಕುಸಿದು, ಸಾಲ ಮಾಡಿ ಹತ್ತಿ ಬೆಳೆದ ರೈತರೂ ಸಟ್ಟಾ ವ್ಯಾಪಾರಿಗಳೂ ಸಮಾನವಾಗಿ ನಷ್ಟಕ್ಕೆ ಗುರಿಯಾದರು. ಈ ಏರಿಳಿತವನ್ನು ನಮ್ಮ ಇತಿಹಾಸಕಾರರು ದಾಖಲಿಸಿದ್ದಾರೆ. ಆದರೆ ಯಾವ ಜನರ ಬಲವಂತದ ದುಡಿಮೆಯಿಂದ ಅಮೆರಿಕದ ಹತ್ತಿ ಅಷ್ಟು ಅಗ್ಗವಾಗಿ ದೊರೆಯುತ್ತಿತ್ತೋ, ಅವರು ಅದೇ 1865ರಲ್ಲಿ ಬಿಡುಗಡೆ ಹೊಂದಿದ ಮೇಲೆ ಆರ್ಥಿಕವಾಗಿ ಏನಾದರು ಎಂಬ ಪ್ರಶ್ನೆ ಕನ್ನಡದ ಇತಿಹಾಸ ಬರಹದಲ್ಲಿ ಹೆಚ್ಚು ಚರ್ಚೆಗೆ ಬಂದಿಲ್ಲ.

ಪ್ರಸ್ತುತ ಲೇಖನವು ಆ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಗುಲಾಮಗಿರಿ ಅಳಿದು ಒಂದೂವರೆ ಶತಮಾನ ಕಳೆದಿದ್ದರೂ ಅಮೆರಿಕದ ಬಿಳಿಯ ಮತ್ತು ಕಪ್ಪು ಕುಟುಂಬಗಳ ಸಂಪತ್ತಿನ ಅಂತರ ಏಕೆ ಉಳಿದಿದೆ? ಇದಕ್ಕೆ ಗುಲಾಮಗಿರಿಯೊಂದೇ ಉತ್ತರವಲ್ಲ. ಗುಲಾಮಗಿರಿಯ ನಂತರ ಪ್ರಭುತ್ವವು ಸ್ವತ್ತನ್ನು ಹಂಚಿದ ಪ್ರತಿಯೊಂದು ಮುಖ್ಯ ಸಂದರ್ಭದಲ್ಲಿಯೂ ಬಿಡುಗಡೆ ಹೊಂದಿದವರನ್ನು ಮತ್ತು ಅವರ ಸಂತತಿಯನ್ನು ಸಂಪೂರ್ಣವಾಗಿ ಅಥವಾ ಬಹುಪಾಲು ಹೊರಗಿಟ್ಟದ್ದು ಸಮಾನ ಪ್ರಾಮುಖ್ಯದ ಕಾರಣ ಎಂಬುದು ಇಲ್ಲಿಯ ಪ್ರತಿಪಾದನೆ. ಕೂಲಿ ಆಯಾ ದಿನದ್ದು. ಸ್ವತ್ತು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವಂಥದು. ಆದುದರಿಂದ ಕೂಲಿಯ ಅಂತರ ತಗ್ಗಿದ ಮಾತ್ರಕ್ಕೆ ಸ್ವತ್ತಿನ ಅಂತರ ತಾನಾಗಿ ಅಳಿಯುವುದಿಲ್ಲ.

ಮನುಷ್ಯರೇ ಬಂಡವಾಳವಾದಾಗ

1860ರ ಜನಗಣತಿಯ ಪ್ರಕಾರ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿದ್ದ ಗುಲಾಮರ ಸಂಖ್ಯೆ 39,53,760. ಅಂದಿನ ಮಾರುಕಟ್ಟೆಯ ದರದಲ್ಲಿ ಅವರ ಒಟ್ಟು ‘ಬೆಲೆ’ 300 ಕೋಟಿ ಡಾಲರುಗಳಿಗೆ ಕಡಿಮೆಯಿರಲಿಲ್ಲವೆಂದು ಆರ್ಥಿಕ ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ದೇಶದ ರೈಲುಮಾರ್ಗಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಹೂಡಿದ್ದ ಒಟ್ಟು ಬಂಡವಾಳಕ್ಕಿಂತ ಇದು ಹೆಚ್ಚಿನ ಮೊತ್ತ. ಗುಲಾಮರು ದುಡಿಯುವ ಕೈಗಳು ಮಾತ್ರವಾಗಿರಲಿಲ್ಲ. ಒಡೆಯನ ಪಾಲಿಗೆ ಅವರು ಮಾರಬಹುದಾದ, ಉಯಿಲಿನಲ್ಲಿ ಮಕ್ಕಳಿಗೆ ಹಂಚಬಹುದಾದ, ಅಡವಿಟ್ಟು ಸಾಲ ಎತ್ತಬಹುದಾದ ಆಸ್ತಿಯಾಗಿದ್ದರು. ಅಮೆರಿಕದ ಒಂದು ದೊಡ್ಡ ಬ್ಯಾಂಕು, ತನ್ನಲ್ಲಿ ವಿಲೀನಗೊಂಡಿದ್ದ ಲೂಸಿಯಾನದ ಎರಡು ಹಳೆಯ ಬ್ಯಾಂಕುಗಳು ಸುಮಾರು 13,000 ಮಂದಿ ಗುಲಾಮರನ್ನು ಸಾಲದ ಆಧಾರವಾಗಿ ಸ್ವೀಕರಿಸಿದ್ದವೆಂದು 2005ರಲ್ಲಿ ಬಹಿರಂಗಪಡಿಸಿ ಕ್ಷಮೆ ಕೋರಿತು. 1838ರಲ್ಲಿ ಮೇರಿಲ್ಯಾಂಡಿನ ಜೆಸ್ವಿಟ್ ಪಾದ್ರಿಗಳು 272 ಮಂದಿಯನ್ನು 1,15,000 ಡಾಲರುಗಳಿಗೆ ಮಾರಿದರು. ಆ ಹಣದ ಒಂದು ಭಾಗ ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಲು ವಿನಿಯೋಗವಾಯಿತು.

ಈ ವ್ಯವಸ್ಥೆಯಿಂದ ಇಡೀ ರಾಷ್ಟ್ರದ ಆರ್ಥಿಕತೆಗೆ ಎಷ್ಟು ಲಾಭವಾಯಿತೆಂಬ ಬಗ್ಗೆ ವಿದ್ವಾಂಸರಲ್ಲಿ ತೀವ್ರ ಭಿನ್ನಾಭಿಪ್ರಾಯವಿದೆ. ಎರಿಕ್ ವಿಲಿಯಮ್ಸ್ ಅವರು 1944ರಲ್ಲಿ ಬ್ರಿಟಿಷ್ ಕೈಗಾರಿಕೀಕರಣಕ್ಕೂ ಗುಲಾಮಗಿರಿಗೂ ಇದ್ದ ನಂಟನ್ನು ಮುಂದಿಟ್ಟಂದಿನಿಂದ ಈ ವಾದ ನಡೆದಿದೆ. 1974ರಲ್ಲಿ ಫೋಗೆಲ್ ಮತ್ತು ಎಂಗರ್‌ಮನ್ ಅವರು ಗುಲಾಮರ ತೋಟಗಳು ಲಾಭದಾಯಕವಾಗಿದ್ದುವೆಂದು ಅಂಕಿಅಂಶಗಳಿಂದ ವಾದಿಸಿದಾಗ ಅದು ಮತ್ತಷ್ಟು ಕಾವೇರಿತು. ಅಂತರ್ಯುದ್ಧಕ್ಕೆ ಮುಂಚಿನ ದಶಕಗಳಲ್ಲಿ ಅಮೆರಿಕದ ರಫ್ತಿನ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯದೇ ಆಗಿತ್ತೆಂಬುದು ನಿಜ; ಆದರೆ ಅದರಿಂದಲೇ ದೇಶ ಕೈಗಾರಿಕೀಕರಣಗೊಂಡಿತೆಂದು ಹೇಳಬಹುದೇ ಎಂಬುದು ಬೇರೆ ಮಾತು. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ರಾಷ್ಟ್ರ ಗಳಿಸಿದ್ದೆಷ್ಟು ಎಂಬುದು ಒಂದು. ಗುಲಾಮರು ಕಳೆದುಕೊಂಡದ್ದೆಷ್ಟು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಏನೇ ಇರಲಿ, ಎರಡನೆಯದು ಅದರಿಂದ ಬದಲಾಗುವುದಿಲ್ಲ. ಸುಮಾರು ಎರಡೂವರೆ ಶತಮಾನಗಳ ಕಾಲ ಒಂದು ಜನಸಮುದಾಯಕ್ಕೆ ತನ್ನ ದುಡಿಮೆಯ ಫಲದ ಮೇಲೆ ಹಕ್ಕಿರಲಿಲ್ಲ. ದಕ್ಷಿಣದ ಹಲವು ರಾಜ್ಯಗಳಲ್ಲಿ ಅವರಿಗೆ ಅಕ್ಷರ ಕಲಿಸುವುದೂ ಶಿಕ್ಷಾರ್ಹವಾಗಿತ್ತು.

ಪರಿಹಾರ ಯಾರಿಗೆ?

ಗುಲಾಮಗಿರಿಯ ನಿರ್ಮೂಲನೆಯ ಇತಿಹಾಸದಲ್ಲಿ ಪರಿಹಾರಧನದ ಪ್ರಶ್ನೆ ಬಂದಾಗಲೆಲ್ಲ ಅದನ್ನು ಪಡೆದವರು ಒಡೆಯರು ಎಂಬುದು ಗಮನಾರ್ಹ. 1833ರಲ್ಲಿ ಬ್ರಿಟಿಷ್ ಸಂಸತ್ತು ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದಾಗ ಒಡೆಯರಿಗೆ 2 ಕೋಟಿ ಪೌಂಡುಗಳನ್ನು ಮಂಜೂರು ಮಾಡಿತು. ಇದು ಅಂದಿನ ಬ್ರಿಟಿಷ್ ಸರ್ಕಾರದ ವಾರ್ಷಿಕ ವೆಚ್ಚದ ಸುಮಾರು ಶೇಕಡಾ 40ರಷ್ಟು. ಇದಕ್ಕಾಗಿ ಎತ್ತಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ಹೈಟಿಯ ಕಥೆ ಇದಕ್ಕಿಂತ ಕಠೋರವಾದುದು. ತಾವೇ ಹೋರಾಡಿ ಸ್ವತಂತ್ರರಾದ ಆ ದ್ವೀಪದ ಜನರಿಂದ, ತನ್ನ ಪ್ರಜೆಗಳು ಕಳೆದುಕೊಂಡ ಆಸ್ತಿಯ ಬಾಬ್ತು ಫ್ರಾನ್ಸ್ 1825ರಲ್ಲಿ 15 ಕೋಟಿ ಫ್ರಾಂಕುಗಳನ್ನು ಕೇಳಿತು. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಲಾಯಿತಾದರೂ ಅದಕ್ಕಾಗಿ ಮಾಡಿದ ಸಾಲಗಳ ಭಾರ ಇಪ್ಪತ್ತನೆಯ ಶತಮಾನದವರೆಗೂ ಮುಂದುವರಿಯಿತು.

ಅಮೆರಿಕದಲ್ಲಿಯೂ 1862ರ ಏಪ್ರಿಲ್ 16ರಂದು ರಾಜಧಾನಿ ವಾಷಿಂಗ್ಟನ್ನಿನ ಗುಲಾಮರನ್ನು ಬಿಡುಗಡೆ ಮಾಡಿದ ಕಾಯ್ದೆಯು ಒಬ್ಬ ಗುಲಾಮನಿಗೆ 300 ಡಾಲರುಗಳವರೆಗೆ ಒಡೆಯನಿಗೆ ಪರಿಹಾರ ಗೊತ್ತುಮಾಡಿತು. ಬಿಡುಗಡೆ ಹೊಂದಿದವನಿಗೆ ಸಿಗಬಹುದಾಗಿದ್ದುದು 100 ಡಾಲರುಗಳವರೆಗಿನ ನೆರವು. ಅದೂ ಅವನು ದೇಶ ಬಿಟ್ಟು ಹೋಗಲು ಒಪ್ಪಿದರೆ ಮಾತ್ರ. 1865ರ ಡಿಸೆಂಬರಿನಲ್ಲಿ ಹದಿಮೂರನೆಯ ತಿದ್ದುಪಡಿ ಇಡೀ ದೇಶದಲ್ಲಿ ಗುಲಾಮಗಿರಿಯನ್ನು ಕೊನೆಗಾಣಿಸಿತು. ದಕ್ಷಿಣದ ಒಡೆಯರಿಗೆ ಪರಿಹಾರ ದೊರೆಯಲಿಲ್ಲ; ಆದರೆ ಅವರ ಜಮೀನು ಬಹುಮಟ್ಟಿಗೆ ಅವರಲ್ಲಿಯೇ ಉಳಿಯಿತು. ಗುಲಾಮರಾಗಿದ್ದವರಿಗೆ ದೊರೆತದ್ದು ಬಿಡುಗಡೆ ಮಾತ್ರ.

ಭೂಮಿ, ಬ್ಯಾಂಕು ಮತ್ತು ಸಾಲದ ಪುಸ್ತಕ

ಬಿಡುಗಡೆ ಹೊಂದಿದವರಿಗೆ ತಮಗೆ ಬೇಕಾದುದೇನು ಎಂಬ ಬಗ್ಗೆ ಸಂದೇಹವಿರಲಿಲ್ಲ. 1865ರ ಜನವರಿ 12ರಂದು ಜಾರ್ಜಿಯಾದ ಸವಾನ್ನಾ ನಗರದಲ್ಲಿ ಜನರಲ್ ಶರ್ಮನ್ನನನ್ನು ಕಂಡ 20 ಮಂದಿ ಕಪ್ಪು ಧರ್ಮಗುರುಗಳ ಪರವಾಗಿ ಮಾತನಾಡಿದ ಗ್ಯಾರಿಸನ್ ಫ್ರೇಜಿಯರ್, ಭೂಮಿ ದೊರೆತು ಅದನ್ನು ತಮ್ಮ ದುಡಿಮೆಯಿಂದಲೇ ಉಳುವುದೇ ಸ್ವಾವಲಂಬನೆಯ ಮಾರ್ಗವೆಂದು ಸ್ಪಷ್ಟಪಡಿಸಿದರು. ನಾಲ್ಕು ದಿನಗಳ ಬಳಿಕ ಹೊರಟ 15ನೆಯ ಸಂಖ್ಯೆಯ ಸೇನಾ ಆದೇಶವು ಕಡಲತೀರದ ಜಮೀನನ್ನು ಕುಟುಂಬಕ್ಕೆ 40 ಎಕರೆ ಮೀರದಂತೆ ಹಂಚಲು ಅವಕಾಶ ಕೊಟ್ಟಿತು. ಜೂನ್ ವೇಳೆಗೆ ಸುಮಾರು 40,000 ಜನ 4 ಲಕ್ಷ ಎಕರೆಗಳಲ್ಲಿ ನೆಲೆ ನಿಂತಿದ್ದರು. ಆದರೆ ಲಿಂಕನ್ನನ ಹತ್ಯೆಯ ನಂತರ ಅಧ್ಯಕ್ಷನಾದ ಆಂಡ್ರ್ಯೂ ಜಾನ್ಸನ್ ಬಂಡುಕೋರ ಒಡೆಯರಿಗೆ ಕ್ಷಮಾದಾನ ನೀಡಿ, ಅದೇ ವರ್ಷದಲ್ಲಿ ಆ ಭೂಮಿಯನ್ನು ಅವರಿಗೆ ಮರಳಿಸುವಂತೆ ಮಾಡಿದನು. ಬಿತ್ತಿದ ಹೊಲವನ್ನು ಬಿಟ್ಟೇಳುವುದು, ಇಲ್ಲವೇ ಹಳೆಯ ಒಡೆಯನೊಡನೆ ಕೂಲಿಯ ಕರಾರಿಗೆ ಒಳಪಡುವುದು—ಇವೆರಡರಲ್ಲಿ ಒಂದನ್ನು ಅವರು ಆರಿಸಿಕೊಳ್ಳಬೇಕಾಯಿತು.

ಅಮೆರಿಕ ಸರ್ಕಾರಕ್ಕೆ ಭೂಮಿ ಹಂಚುವುದು ತಾತ್ವಿಕವಾಗಿ ಒಪ್ಪಿಗೆಯಿರಲಿಲ್ಲವೆಂದು ಹೇಳುವಂತಿಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ, ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲವನ್ನು ತಲಾ 160 ಎಕರೆಗಳಂತೆ ಹಂಚುತ್ತ ಹೋಗಿ, ಒಟ್ಟು ಸುಮಾರು 27 ಕೋಟಿ ಎಕರೆಗಳನ್ನು ಖಾಸಗಿಯವರಿಗೆ ಕೊಡಲಾಯಿತು. ಅದರ ಫಲಾನುಭವಿಗಳು ಬಹುಪಾಲು ಬಿಳಿಯರು. ದಕ್ಷಿಣದ ಐದು ರಾಜ್ಯಗಳಿಗಾಗಿ 1866ರಲ್ಲಿ ತಂದ ಪ್ರತ್ಯೇಕ ಕಾಯ್ದೆಯು ಬಿಡುಗಡೆ ಹೊಂದಿದವರನ್ನು ಗಮನದಲ್ಲಿಟ್ಟುಕೊಂಡಿತ್ತಾದರೂ ಉಳಿದಿದ್ದ ಭೂಮಿ ಹೆಚ್ಚಾಗಿ ಜೌಗು ಅಥವಾ ಬರಡು. ಎತ್ತು, ನೇಗಿಲು, ಬೀಜಕ್ಕೆ ಅವರ ಬಳಿ ಬಂಡವಾಳವಿರಲಿಲ್ಲ. ಹತ್ತೇ ವರ್ಷಗಳಲ್ಲಿ ಆ ಕಾಯ್ದೆ ರದ್ದಾಯಿತು.

ಭೂಮಿಯಿಲ್ಲದಿದ್ದರೂ ಉಳಿತಾಯದ ದಾರಿ ಇತ್ತು. 1865ರ ಮಾರ್ಚ್‌ನಲ್ಲಿ ಸಂಸತ್ತಿನ ಸನದು ಪಡೆದು ಸ್ಥಾಪಿತವಾದ ಫ್ರೀಡ್‌ಮನ್ಸ್ ಉಳಿತಾಯ ಬ್ಯಾಂಕಿನಲ್ಲಿ ಸೈನಿಕರು, ಅಗಸಗಿತ್ತಿಯರು, ಕೂಲಿಗಳು ತಮ್ಮ ಪುಡಿಗಾಸನ್ನು ಇಟ್ಟರು. ಸರ್ಕಾರದ ಭದ್ರತೆ ಇದೆಯೆಂಬ ಭಾವನೆಯೇ ಆ ನಂಬಿಕೆಯ ಮೂಲ. ಬಿಳಿಯ ಆಡಳಿತಗಾರರು ಆ ಹಣವನ್ನು ಸಟ್ಟಾ ಸ್ವರೂಪದ ಸಾಲಗಳಲ್ಲಿ ತೊಡಗಿಸಿದರು. 1873ರ ಆರ್ಥಿಕ ಮುಗ್ಗಟ್ಟಿನ ನಂತರ, ಪತನದಂಚಿನಲ್ಲಿದ್ದ ಸಂಸ್ಥೆಗೆ ಫ್ರೆಡರಿಕ್ ಡಗ್ಲಸ್ ಅವರನ್ನು ಅಧ್ಯಕ್ಷರನ್ನಾಗಿ ತರಲಾಯಿತು. 1874ರ ಜೂನ್‌ನಲ್ಲಿ ಬ್ಯಾಂಕು ಬಾಗಿಲು ಮುಚ್ಚಿದಾಗ 61,144 ಠೇವಣಿದಾರರ ಸುಮಾರು 30 ಲಕ್ಷ ಡಾಲರುಗಳು ಸಿಕ್ಕಿಬಿದ್ದವು. ಕೆಲವರಿಗೆ ಭಾಗಶಃ ಹಣ ಮರಳಿತು. ಹಲವರಿಗೆ ಏನೂ ಬರಲಿಲ್ಲ. ಕಪ್ಪು ಸಮುದಾಯದಲ್ಲಿ ಬ್ಯಾಂಕುಗಳ ಬಗೆಗೆ ದೀರ್ಘಕಾಲ ಉಳಿದ ಅಪನಂಬಿಕೆಗೆ ಈ ಘಟನೆಯೂ ಕಾರಣವೆಂದು ಇತಿಹಾಸಕಾರರು ಗುರುತಿಸಿದ್ದಾರೆ.

ಇನ್ನು ಹಳ್ಳಿಗಳಲ್ಲಿ ನೆಲೆಯೂರಿದ್ದು ನಮ್ಮ ಕೋರು ಅಥವಾ ವಾರದ ಪದ್ಧತಿಯನ್ನು ಹೋಲುವ ಪಾಲುಗೇಣಿ. ಬೀಜ, ಉಪಕರಣ, ಊಟದ ಸಾಮಾನುಗಳನ್ನು ಜಮೀನುದಾರ ಅಥವಾ ಅಂಗಡಿಕಾರ ಬೆಳೆಯ ಮೇಲಿನ ಸಾಲವಾಗಿ ಕೊಡುವನು. ಸುಗ್ಗಿಯ ನಂತರ ಲೆಕ್ಕ. ಲೆಕ್ಕದ ಪುಸ್ತಕ ಅವನ ಕೈಯಲ್ಲಿ. ಓದುಬರಹವಿಲ್ಲದ ಸಾಗುವಳಿದಾರನಿಗೆ ಅದನ್ನು ಪ್ರಶ್ನಿಸುವ ಶಕ್ತಿಯೂ ಇಲ್ಲ, ಪ್ರಶ್ನಿಸಿದರೆ ರಕ್ಷಿಸುವ ನ್ಯಾಯಾಲಯವೂ ಇಲ್ಲ. ಸಾಲ ಸಿಗಬೇಕಾದರೆ ಹತ್ತಿಯನ್ನೇ ಬೆಳೆಯಬೇಕೆಂಬ ಒತ್ತಾಯದಿಂದ ಆಹಾರಧಾನ್ಯಕ್ಕೂ ಅದೇ ಅಂಗಡಿಯನ್ನು ಅವಲಂಬಿಸಬೇಕಾಗುತ್ತಿದ್ದುದನ್ನು ರಾನ್ಸಮ್ ಮತ್ತು ಸಚ್ ಅವರು 1977ರ ತಮ್ಮ ಅಧ್ಯಯನದಲ್ಲಿ ವಿಶ್ಲೇಷಿಸಿದ್ದಾರೆ. ಅಲೆಮಾರಿತನದಂಥ ಆರೋಪಗಳ ಮೇಲೆ ಬಂಧಿಸಿ, ಕೈದಿಗಳನ್ನು ಗಣಿಗಳಿಗೂ ತೋಟಗಳಿಗೂ ಗುತ್ತಿಗೆಗೆ ಕೊಡುವ ಪದ್ಧತಿ ಇದರ ಜೊತೆಗಿತ್ತು. ಅಲಬಾಮದಲ್ಲಿ ಅದು ನಿಂತದ್ದು 1928ರಲ್ಲಿ.

ಇಷ್ಟೆಲ್ಲ ಪ್ರತಿಕೂಲಗಳ ನಡುವೆಯೂ ಆ ಜನ ಸಾಧಿಸಿದ್ದನ್ನು ಮರೆಯುವಂತಿಲ್ಲ. 1870ರಲ್ಲಿ ಶೇಕಡಾ 80ರಷ್ಟಿದ್ದ ಅನಕ್ಷರತೆ 1910ರ ವೇಳೆಗೆ ಶೇಕಡಾ 30ಕ್ಕೆ ಇಳಿಯಿತು. ಅದೇ ಹೊತ್ತಿಗೆ ದಕ್ಷಿಣದ ಕಪ್ಪು ರೈತರು ಸುಮಾರು 1.5 ಕೋಟಿ ಎಕರೆ ಜಮೀನಿನ ಒಡೆತನ ಗಳಿಸಿದ್ದರು. ಆದರೆ ಗಳಿಸಿದ್ದನ್ನು ಉಳಿಸಿಕೊಳ್ಳುವುದು ಗಳಿಸುವುದಕ್ಕಿಂತ ಕಷ್ಟವಾಯಿತು. 1921ರ ಮೇ 31 ಮತ್ತು ಜೂನ್ 1ರಂದು ಓಕ್ಲಹೋಮಾದ ಟಲ್ಸಾ ನಗರದಲ್ಲಿ ಬಿಳಿಯರ ಗುಂಪು ಗ್ರೀನ್‌ವುಡ್ ಎಂಬ ಸಮೃದ್ಧ ಕಪ್ಪು ಬಡಾವಣೆಯ ಸುಮಾರು 35 ಮೊಹಲ್ಲಾಗಳನ್ನು ಸುಟ್ಟುಹಾಕಿತು. ವಿಮಾ ಕಂಪನಿಗಳು ಗಲಭೆಯ ಷರತ್ತನ್ನು ಮುಂದೊಡ್ಡಿ ಪರಿಹಾರ ನಿರಾಕರಿಸಿದವು. 1920ರಲ್ಲಿ 9.25 ಲಕ್ಷವಿದ್ದ ಕಪ್ಪು ರೈತರ ಸಂಖ್ಯೆ, ಎಣಿಕೆಯ ಕ್ರಮ ಬದಲಾಗಿರುವುದನ್ನು ಗಣನೆಗೆ ತೆಗೆದುಕೊಂಡರೂ, 2017ರ ಕೃಷಿ ಗಣತಿಯಲ್ಲಿ 49,000ದಷ್ಟಿತ್ತು.

ಕಾಯ್ದೆಗಳು ಹಂಚಿದ ಸಂಪತ್ತು

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಮಧ್ಯಮವರ್ಗ ರೂಪುಗೊಂಡದ್ದು ಕೇವಲ ಮಾರುಕಟ್ಟೆಯಿಂದಲ್ಲ, ಸರ್ಕಾರದ ಕಾಯ್ದೆಗಳಿಂದ. 1935ರ ಸಾಮಾಜಿಕ ಭದ್ರತಾ ಕಾಯ್ದೆಯು ವೃದ್ಧಾಪ್ಯ ವಿಮೆಯಿಂದ ಕೃಷಿ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಕಪ್ಪು ದುಡಿಮೆಗಾರರಲ್ಲಿ ಹೆಚ್ಚಿನವರು ಈ ಎರಡು ವೃತ್ತಿಗಳಲ್ಲಿಯೇ ಇದ್ದರು. ಇದು ದಕ್ಷಿಣದ ಸಂಸದರ ಉದ್ದೇಶಪೂರ್ವಕ ಕೃತ್ಯವೇ, ಆಡಳಿತಾತ್ಮಕ ಅನುಕೂಲದ ಕ್ರಮವೇ ಎಂಬ ಬಗ್ಗೆ ವಿವಾದವುಂಟು. ಉದ್ದೇಶ ಯಾವುದೇ ಇರಲಿ, 1950 ಮತ್ತು 1954ರ ತಿದ್ದುಪಡಿಗಳವರೆಗೆ ಅದರ ಫಲ ಒಂದೇ ಆಗಿತ್ತು.

ಮನೆಯ ಸಾಲದ ವಿಷಯದಲ್ಲಿ ಭೇದಭಾವ ಹೆಚ್ಚು ನೇರವಾಗಿತ್ತು. 1934ರಲ್ಲಿ ಸ್ಥಾಪಿತವಾದ ಒಕ್ಕೂಟ ವಸತಿ ಆಡಳಿತವು ಬ್ಯಾಂಕುಗಳ ಗೃಹಸಾಲಕ್ಕೆ ವಿಮೆ ಒದಗಿಸಿತು. ಇದರಿಂದ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಸಾಮಾನ್ಯ ನೌಕರನಿಗೂ ಎಟುಕಿತು. ಆದರೆ ಆ ಸಂಸ್ಥೆಯ ಕೈಪಿಡಿಯೇ ಬೇರೆ ಜನಾಂಗದವರ ಪ್ರವೇಶವನ್ನು ಅಪಾಯವೆಂದು ಪರಿಗಣಿಸಿ, ಕ್ರಯಪತ್ರಗಳಲ್ಲಿ ಜನಾಂಗೀಯ ನಿರ್ಬಂಧಗಳನ್ನು ಶಿಫಾರಸು ಮಾಡುತ್ತಿತ್ತು. ನಗರಗಳ ನಕ್ಷೆಗಳಲ್ಲಿ ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದ ಇನ್ನೊಂದು ಸಂಸ್ಥೆಯ ಪಾತ್ರ ಎಷ್ಟೆಂಬುದು ಈಚಿನ ಸಂಶೋಧನೆಗಳಲ್ಲಿ ಚರ್ಚೆಗೊಳಗಾಗಿದೆ. ವಸತಿ ಆಡಳಿತದ ಪಾತ್ರದ ಬಗ್ಗೆ ಅಂಥ ಸಂದೇಹಕ್ಕೆ ಎಡೆ ಕಡಿಮೆ. ಎರಡನೆಯ ಮಹಾಯುದ್ಧದ ನಂತರ ನ್ಯೂಯಾರ್ಕಿನ ಬಳಿ ಕಟ್ಟಿದ ಲೆವಿಟ್‌ಟೌನಿನ 17,000ಕ್ಕೂ ಹೆಚ್ಚು ಮನೆಗಳ ಆರಂಭದ ಕರಾರುಗಳಲ್ಲಿ ಬಿಳಿಯರಲ್ಲದವರು ವಾಸಿಸಬಾರದೆಂಬ ಷರತ್ತಿತ್ತು. ಯುದ್ಧದಿಂದ ಮರಳಿದ ಸೈನಿಕರಿಗೆ ಶಿಕ್ಷಣ, ಸಾಲ ಒದಗಿಸಿದ 1944ರ ಕಾಯ್ದೆಯ ಪಠ್ಯದಲ್ಲಿ ಜನಾಂಗದ ಪ್ರಸ್ತಾಪವೇ ಇರಲಿಲ್ಲ. ಆದರೆ ಅನುಷ್ಠಾನ ಸ್ಥಳೀಯ ಕಚೇರಿಗಳ, ಬ್ಯಾಂಕುಗಳ ಕೈಯಲ್ಲಿತ್ತು. 1947ರಲ್ಲಿ ಮಿಸಿಸಿಪಿಯಲ್ಲಿ ಈ ಕಾಯ್ದೆಯಡಿ ಖಾತರಿ ಪಡೆದ 3,229 ಸಾಲಗಳಲ್ಲಿ ಕಪ್ಪು ಯೋಧರಿಗೆ ದೊರೆತವು ಎರಡು.

ಬ್ಯಾಂಕಿನ ಸಾಲ ಸಿಗದ ಷಿಕಾಗೋ ನಗರದ ಕಪ್ಪು ಕುಟುಂಬಗಳು ದುಬಾರಿ ಕಂತಿನ ಕರಾರಿನ ಮೇಲೆ ಮನೆ ಕೊಳ್ಳುತ್ತಿದ್ದವು. ಕೊನೆಯ ಕಂತು ತೀರುವವರೆಗೂ ಕ್ರಯಪತ್ರ ಮಾರಿದವನ ಹೆಸರಿನಲ್ಲಿಯೇ ಇರುತ್ತಿತ್ತು. ಒಂದು ಕಂತು ತಪ್ಪಿದರೂ ಮನೆಯೂ ಕಟ್ಟಿದ ಹಣವೂ ಕೈಬಿಡಬಹುದಾಗಿತ್ತು. ಹೀಗೆ ಒಂದೇ ನಗರದಲ್ಲಿ, ಒಂದೇ ಬಗೆಯ ಸಂಬಳದ ಇಬ್ಬರು ನೌಕರರಲ್ಲಿ ಒಬ್ಬನ ಕಂತು ಆಸ್ತಿಯಾಗಿ ಬೆಳೆಯುತ್ತ ಹೋಯಿತು, ಮತ್ತೊಬ್ಬನದು ಬಾಡಿಗೆಯಂತೆ ಕರಗಿತು. 1968ರ ನ್ಯಾಯಯುತ ವಸತಿ ಕಾಯ್ದೆ ಬರುವ ಹೊತ್ತಿಗೆ ಬಿಳಿಯರ ಒಂದು ಇಡೀ ತಲೆಮಾರು ಮಕ್ಕಳಿಗೆ ಬಿಟ್ಟುಹೋಗಲು ಮನೆಯನ್ನು ಸಂಪಾದಿಸಿಕೊಂಡಿತ್ತು.

ಇಂದಿನ ಅಂತರ

ಅಮೆರಿಕದ ಕೇಂದ್ರ ಬ್ಯಾಂಕು ನಡೆಸಿದ 2022ರ ಸಮೀಕ್ಷೆಯ ಪ್ರಕಾರ ಮಧ್ಯಮಾಂಕದ ಬಿಳಿಯ ಕುಟುಂಬದ ನಿವ್ವಳ ಸಂಪತ್ತು 2,85,000 ಡಾಲರು. ಕಪ್ಪು ಕುಟುಂಬದ್ದು 44,900 ಡಾಲರು. ದೀರ್ಘಕಾಲದ ದೃಷ್ಟಿಯಿಂದ ಡೆರೆನೊಂಕೂರ್ ಮತ್ತು ಸಹ ಸಂಶೋಧಕರು ತಲಾ ಸಂಪತ್ತಿನ ಸರಾಸರಿಯನ್ನು ಲೆಕ್ಕ ಹಾಕಿದ್ದಾರೆ. ಅವರ ಪ್ರಕಾರ 1860ರಲ್ಲಿ ಸುಮಾರು 60ಕ್ಕೆ 1 ಇದ್ದ ಅನುಪಾತ 1920ರ ಹೊತ್ತಿಗೆ 10ಕ್ಕೆ 1ಕ್ಕೆ, 1950ರ ದಶಕದಲ್ಲಿ 7ಕ್ಕೆ 1ಕ್ಕೆ ಇಳಿಯಿತು. ಆಮೇಲೆ ಅದು ಹೆಚ್ಚೇನೂ ಇಳಿಯದೆ ಈಚಿನವರೆಗೂ 6ಕ್ಕೆ 1ರ ಆಸುಪಾಸಿನಲ್ಲಿ ನಿಂತಿದೆ. ನಾಗರಿಕ ಹಕ್ಕುಗಳ ಕಾಯ್ದೆಗಳು ಬಂದ ನಂತರವೂ ಅಂತರ ಹೀಗೆ ನಿಂತುದಕ್ಕೆ ಮೂಲ ಸ್ವತ್ತಿನ ಕೊರತೆಯೇ ಮುಖ್ಯ ಕಾರಣ. ಷೇರು, ಮನೆಗಳಂಥ ಸ್ವತ್ತಿನ ಬೆಲೆ ಏರಿದಾಗ ಅದರ ಲಾಭ ಈಗಾಗಲೇ ಸ್ವತ್ತುಳ್ಳವರಿಗೇ ಸೇರುತ್ತದೆ.

ಕಾಲ ಸರಿದಂತೆ ಇಂಥ ಗಾಯ ತಾನಾಗಿ ಮಾಯುತ್ತದೆ ಎಂಬ ವಾದವನ್ನು ಪರೀಕ್ಷಿಸಲು ಎರಡು ಅಧ್ಯಯನಗಳು ನೆರವಾಗುತ್ತವೆ. 2021ರಲ್ಲಿ ಪ್ರಕಟವಾದ ಏಗರ್, ಬೂಸ್ಟನ್ ಮತ್ತು ಎರಿಕ್ಸನ್ ಅವರ ಸಂಶೋಧನೆಯು ಬಿಡುಗಡೆಯಿಂದ ಆಸ್ತಿ ಕಳೆದುಕೊಂಡ ಒಡೆಯರ ಕುಟುಂಬಗಳನ್ನು ಹಿಂಬಾಲಿಸಿತು. ಅವರ ಗಂಡುಮಕ್ಕಳು 1900ರ ವೇಳೆಗೆ ಬಹುಮಟ್ಟಿಗೆ ಚೇತರಿಸಿಕೊಂಡಿದ್ದರು. ವಿವಾಹಸಂಬಂಧ, ಸಾಮಾಜಿಕ ಸಂಪರ್ಕಗಳು ಅವರ ಕೈಹಿಡಿದಿದ್ದವು. ಇನ್ನೊಂದು, ಆಲ್ಟಾಫ್ ಮತ್ತು ರೈಖಾರ್ಟ್ ಅವರ 2024ರ ಅಧ್ಯಯನ. ಅಂತರ್ಯುದ್ಧಕ್ಕೆ ಮೊದಲೇ ಸ್ವತಂತ್ರರಾಗಿದ್ದ ಕಪ್ಪು ಕುಟುಂಬಗಳಿಗಿಂತ, 1865ರವರೆಗೂ ಗುಲಾಮರಾಗಿದ್ದವರ ವಂಶಜರು ಇಂದಿಗೂ ವಿದ್ಯೆ, ವರಮಾನ, ಸಂಪತ್ತುಗಳಲ್ಲಿ ಹಿಂದೆ ಉಳಿದಿದ್ದಾರೆಂದು ಅದು ತೋರಿಸಿತು. ಇದಕ್ಕೆ ಮುಖ್ಯ ಕಾರಣ, ಬಿಡುಗಡೆಯ ನಂತರ ಅವರು ಜನಾಂಗೀಯ ಪ್ರತ್ಯೇಕತೆಯ ಕಟ್ಟಳೆಗಳು ಅತ್ಯಂತ ಕಠಿಣವಾಗಿದ್ದ ರಾಜ್ಯಗಳಲ್ಲಿ ಸಿಲುಕಿದ್ದು. ಈ ಎರಡನ್ನೂ ಜೊತೆಯಲ್ಲಿಟ್ಟು ನೋಡಿದಾಗ, ಗಾಯ ಮಾಯುವುದು ಕಾಲದಿಂದಲ್ಲ, ಸಂಸ್ಥೆಗಳಿಂದ ಎಂಬುದು ವ್ಯಕ್ತವಾಗುತ್ತದೆ.

ಉಪಸಂಹಾರ

ಪರಿಹಾರದ ಬೇಡಿಕೆ ಇತ್ತೀಚಿನದೆಂದು ಭಾವಿಸುವುದು ಸರಿಯಲ್ಲ. ಗುಲಾಮಗಿರಿಯಲ್ಲಿ ಹುಟ್ಟಿ, ಬಟ್ಟೆ ಒಗೆದು ಮಕ್ಕಳನ್ನು ಸಾಕಿದ ಕ್ಯಾಲಿ ಹೌಸ್ ಎಂಬ ಮಹಿಳೆ 1890ರ ದಶಕದಲ್ಲಿಯೇ ಮಾಜಿ ಗುಲಾಮರಿಗೆ ಪಿಂಚಣಿ ಕೇಳುವ ಸಂಘ ಕಟ್ಟಿದರು. ಸರ್ಕಾರ ಅವರ ಮೇಲೆ ಅಂಚೆಯ ಮೂಲಕ ವಂಚನೆ ಮಾಡಿದ ಆರೋಪ ಹೊರಿಸಿ 1917ರಲ್ಲಿ ಸೆರೆಮನೆಗೆ ಕಳುಹಿಸಿತು. ಮಹಾಯುದ್ಧದ ಕಾಲದಲ್ಲಿ ಬಂಧನದಲ್ಲಿಟ್ಟಿದ್ದ ಜಪಾನಿ ಮೂಲದ ಅಮೆರಿಕನ್ನರಿಗೆ 1988ರ ಕಾಯ್ದೆಯ ಮೂಲಕ ತಲಾ 20,000 ಡಾಲರು ಪರಿಹಾರ ದೊರೆಯಿತು. ಅದರ ಮರುವರ್ಷ ಜಾನ್ ಕಾನ್ಯರ್ಸ್ ಅವರು ಗುಲಾಮಗಿರಿಯ ಪರಿಹಾರದ ವಿಷಯವನ್ನು ಅಧ್ಯಯನ ಮಾಡಲು ಆಯೋಗ ರಚಿಸಬೇಕೆಂಬ ಮಸೂದೆಯನ್ನು ಮಂಡಿಸಿದರು. ಪದೇ ಪದೇ ಮಂಡನೆಯಾದರೂ ಅದು ಕಾಯ್ದೆಯಾಗಿಲ್ಲ.

ಈ ಚರಿತ್ರೆ ನಮಗೆ ಪರಕೀಯವಲ್ಲ. ಜೋತಿರಾವ್ ಫುಲೆಯವರು 1873ರಲ್ಲಿ ತಮ್ಮ ‘ಗುಲಾಮಗಿರಿ’ ಕೃತಿಯನ್ನು ಗುಲಾಮರ ಬಿಡುಗಡೆಗೆ ಶ್ರಮಿಸಿದ ಅಮೆರಿಕನ್ನರಿಗೆ ಅರ್ಪಿಸಿದ್ದರು. 1946ರಲ್ಲಿ ಅಂಬೇಡ್ಕರ್ ಅವರು ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ಕನ್ನಡ ಜಿಲ್ಲೆಯಲ್ಲಿ ಭೂಮಿಯೊಡನೆ ಮಾರಾಟಕ್ಕೂ ಅಡಮಾನಕ್ಕೂ ಒಳಗಾಗುತ್ತಿದ್ದ ಮೂಲದಾಳುಗಳ ವಿಷಯದಲ್ಲಿ, 1843ರ ಐದನೆಯ ಕಾಯ್ದೆಯು ಒಡೆಯನ ಹಕ್ಕನ್ನು ನ್ಯಾಯಾಲಯಗಳು ಮಾನ್ಯ ಮಾಡಬಾರದೆಂದಿತೇ ಹೊರತು ಆ ಆಳುಗಳಿಗೆ ಒಂದು ಗುಂಟೆ ನೆಲವನ್ನೂ ಕೊಡಲಿಲ್ಲ. ಮುಂದೆ ಪರಿಶಿಷ್ಟರಿಗೆ ಮಂಜೂರಾದ ಜಮೀನು ಕೈತಪ್ಪಿ ಹೋಗುವುದನ್ನು ತಡೆಯಲು ಕರ್ನಾಟಕ ಸರ್ಕಾರವು 1978ರಲ್ಲಿ ಪರಭಾರೆ ನಿಷೇಧದ ಕಾಯ್ದೆಯನ್ನೇ ತರಬೇಕಾಯಿತು. ಜಾತಿ ಮತ್ತು ಜನಾಂಗ ಒಂದೇ ಅಲ್ಲ. ಆದುದರಿಂದ ಈ ಹೋಲಿಕೆಯನ್ನು ಸಮೀಕರಣವೆಂದು ತಿಳಿಯಬಾರದು. ಆದರೆ ಕೇಳಬೇಕಾದ ಪ್ರಶ್ನೆ ಒಂದೇ: ಬಿಡುಗಡೆಯ ದಿನ ಯಾರ ಕೈಯಲ್ಲಿ ಏನಿತ್ತು, ಆನಂತರ ಪ್ರಭುತ್ವವು ಯಾರಿಗೆ ಏನನ್ನು ಹಂಚಿತು?

ಅಮೆರಿಕದ ಉದಾಹರಣೆಯಲ್ಲಿ ಈ ಪ್ರಶ್ನೆಗೆ ಜನಗಣತಿ, ಬ್ಯಾಂಕಿನ ದಫ್ತರ, ನೋಂದಣಿ ಪತ್ರಗಳು ಉತ್ತರ ನೀಡಿವೆ. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ, ತಾಲ್ಲೂಕು ಕಚೇರಿಯ ಪಹಣಿಗಳಲ್ಲಿ, ಜಿಲ್ಲಾ ದಫ್ತರಖಾನೆಗಳಲ್ಲಿ ಇರುವ ಹಳೆಯ ಕಾಗದಪತ್ರಗಳನ್ನು ಇದೇ ಪ್ರಶ್ನೆಯೊಡನೆ ಓದುವ ಕೆಲಸ ನಮ್ಮ ಯುವ ಸಂಶೋಧಕರಿಗಾಗಿ ಕಾದಿದೆ.